ಹ್ಯಾಡ್ ಬರೆದಿದ್ದೀರಿ, ಸರಿ. ಡಾಕ್ಟರ್ ಎಲ್ಲಿ?

ಪ್ರಶ್ನೆ: ದಾವಣಗೆರೆಯ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ತೀನಿ. ಓದಿದ್ದೆಲ್ಲ ಕನ್ನಡ ಮೀಡಿಯಂ. ಮೊನ್ನೆ ಹೆಡ್ ಆಫೀಸಿಗೆ ಕಳಿಸೋ ಮೇಲ್‌ನಲ್ಲಿ "ಐ ಹ್ಯಾಡ್ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ" ಅಂತ ಬರೆದೆ. ಸೀನಿಯರ್ ಅದರಲ್ಲಿದ್ದ ‘ಹ್ಯಾಡ್’ ಹೊಡೆದು ಹಾಕಿದರು. ಮುಂದಿನ ಸಲ "ಐ ಹ್ಯಾವ್ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ" ಅಂತ ಬರೆದೆ, ಅದೂ ತಪ್ಪಂತೆ. ಬರೀ "ಐ ಸಬ್ಮಿಟೆಡ್" ಅಂದರೆ ಸಾಕಂತೆ. ನನ್ನ ಕಿವಿಗೆ ಅದು ಬೋಳುಬೋಳಾಗಿ ಕೇಳುತ್ತೆ. ಶಾಲೆಯಲ್ಲಿ 12 ಟೆನ್ಸ್‌ಗಳ ಟೇಬಲ್ ಬಾಯಿಪಾಠ ಮಾಡಿದ್ದೆ, ಈಗಲೂ ತಪ್ಪಿಲ್ಲದೆ ಹೇಳ್ತೀನಿ. ಬರೆಯೋಕೆ ಕೂತರೆ ಮಾತ್ರ ಯಾವುದು ಎಲ್ಲಿಗೆ ಅಂತ ತಿಳಿಯಲ್ಲ. ಈ ಹ್ಯಾಡ್ ಯಾವಾಗ ಬರುತ್ತೆ, ಹ್ಯಾವ್ ಯಾವಾಗ ಬರುತ್ತೆ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಸೀನಿಯರ್ ಎರಡು ಸಲವೂ ಸರಿಯಾಗಿಯೇ ತಿದ್ದಿದ್ದಾರೆ. ಹಾಗಂತ ನಿಮ್ಮ ಕಿವಿಗೆ "ಸಬ್ಮಿಟೆಡ್" ಬೋಳು ಅನಿಸಿದ್ದು ಸುಮ್ನೆ ಅಲ್ಲ. ಅದಕ್ಕೆ ಗಟ್ಟಿ ಕಾರಣ ಇದೆ, ಆ ಕಾರಣ ಇರೋದು ಕನ್ನಡದಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಹೇಳಿಕೊಡೋದೇ ನನ್ನ ಕೆಲಸ. ಹೊಸ ಬ್ಯಾಚ್ ಬಂದಾಗಲೆಲ್ಲ ಇದೇ ಹ್ಯಾಡ್, ಇದೇ ಜಾಗದಲ್ಲಿ ನೋಡ್ತೀನಿ. ಕನ್ನಡ ಚೆನ್ನಾಗಿ ಬಲ್ಲವರಲ್ಲೇ ಇದು ಜಾಸ್ತಿ.

ಮೇಲ್ ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಓಡಿದ್ದು "ಸೋಮವಾರವೇ ಬಿಲ್ ಕೊಟ್ಟಿದ್ದೆ" ಅಂತ, ಅಲ್ವಾ? "ಸೋಮವಾರ ಬಿಲ್ ಕೊಟ್ಟೆ" ಅಂತ ಖಂಡಿತ ಓಡಿರಲ್ಲ. ಈ ಎರಡರ ನಡುವೆ ಏನು ವ್ಯತ್ಯಾಸ, ಒಂದು ನಿಮಿಷ ಯೋಚಿಸಿ. "ಕೊಟ್ಟೆ" ಅಂದರೆ ಒಂದು ಕೆಲಸ ನಡೆಯಿತು ಅಂತ ಹೇಳಿದ ಹಾಗೆ. "ಕೊಟ್ಟಿದ್ದೆ" ಅಂದಾಗ ಅದರ ಜೊತೆಗೆ ಇನ್ನೊಂದು ಮಾತು ಹೇಳದೆಯೇ ಸೇರಿಕೊಳ್ಳುತ್ತೆ: ನನ್ನ ಕೆಲಸ ನಾನು ಮಾಡಿ ಮುಗಿಸಿದ್ದೆ, ಆಮೇಲೆ ಏನಾಯ್ತೋ ನಿಮಗೇ ಗೊತ್ತು. "ನಿನ್ನೆ ಫೋನ್ ಮಾಡಿದ್ದೆ" ಅಂದರೆ ನೀನು ಎತ್ತಲಿಲ್ಲ ಅನ್ನೋದು ಅದರಲ್ಲೇ ಇದೆ. "ಮೈಸೂರಿಗೆ ಹೋಗಿದ್ದೆ" ಅಂದರೆ ಹೋಗಿ ಬಂದೂ ಆಯ್ತು, ಈಗ ಇಲ್ಲೇ ಇದ್ದೀನಿ ಅಂತ. ‘ಇದ್ದೆ’ ಅನ್ನೋ ಬಾಲ ನಮ್ಮಲ್ಲಿ ಇಷ್ಟೆಲ್ಲ ಕೆಲಸ ಮಾಡುತ್ತೆ.

ಈಗ ಶಾಲೆಯ ಟೇಬಲ್ ನೆನಪಿಸಿಕೊಳ್ಳಿ. ಅದರಲ್ಲಿ "ಐ ಹ್ಯಾಡ್ ಗಾನ್" ಎದುರಿಗೆ ಕನ್ನಡದಲ್ಲಿ "ನಾನು ಹೋಗಿದ್ದೆನು" ಅಂತ ಬರೆದಿರುತ್ತಿತ್ತು. ಅದನ್ನು ಬಾಯಿಪಾಠ ಮಾಡಿದವರು ಉಲ್ಟಾನೂ ನಿಜ ಅಂದುಕೊಂಡರು. ಹೋಗಿದ್ದೆ ಅಂತ ಅನಿಸಿದಾಗಲೆಲ್ಲ ಹ್ಯಾಡ್ ಗಾನ್, ಕೊಟ್ಟಿದ್ದೆ ಅಂತ ಅನಿಸಿದಾಗಲೆಲ್ಲ ಹ್ಯಾಡ್ ಗಿವನ್. ತೊಂದರೆ ಹುಟ್ಟಿದ್ದು ಇಲ್ಲೇ. ನಮ್ಮ ‘ಇದ್ದೆ’ಗೆ ಇರುವಷ್ಟು ಕೆಲಸ ಇಂಗ್ಲಿಷಿನ ಹ್ಯಾಡ್‌ಗೆ ಇಲ್ಲ. ಅದು ಮುಖ್ಯವಾಗಿ ಒಂದೇ ಒಂದು ಕೆಲಸಕ್ಕೆ ಇರೋದು.

ಆ ಒಂದು ಕೆಲಸ ಯಾವುದು ಅಂತ ನಿಮಗೆ ಆಗಲೇ ಗೊತ್ತಿದೆ. ಹಳೇ ವ್ಯಾಕರಣದ ಪಾಠಗಳಲ್ಲಿ ಒಂದು ವಾಕ್ಯ ಬರುತ್ತಿತ್ತು, ನೆನಪಿದೆಯಾ? "ದ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್." ಡಾಕ್ಟರ್ ಬರೋ ಹೊತ್ತಿಗೆ ರೋಗಿ ತೀರಿಕೊಂಡಿದ್ದ. ಇದನ್ನು ಕಲಿತವರೆಲ್ಲ ಮೊದಲ ಅರ್ಧ ನೆನಪಿಟ್ಟುಕೊಂಡರು, ಎರಡನೇ ಅರ್ಧ ಮರೆತರು. ಆ ವಾಕ್ಯಕ್ಕೆ ಹ್ಯಾಡ್ ಬಂದಿರೋದೇ ಡಾಕ್ಟರ್ ದೆಸೆಯಿಂದ. ಡಾಕ್ಟರ್ ಬಂದದ್ದೂ ಆಗಿಹೋದ ಕಥೆ, ರೋಗಿ ಸತ್ತದ್ದೂ ಆಗಿಹೋದ ಕಥೆ, ಎರಡರಲ್ಲಿ ಯಾವುದು ಮುಂಚೆ ಅಂತ ತೋರಿಸಬೇಕು, ಮುಂಚಿನದಕ್ಕೆ ಹ್ಯಾಡ್ ಅಂಟಿಸಿದರು. ಡಾಕ್ಟರನ್ನು ತೆಗೆದುಬಿಟ್ಟರೆ "ದ ಪೇಷಂಟ್ ಡೈಡ್" ಅಷ್ಟೇ.

ಹಾಗಾಗಿ ನನ್ನ ಕ್ಲಾಸಿನಲ್ಲಿ ಯಾರಾದರೂ ಹ್ಯಾಡ್ ಬರೆದರೆ ನಾನು ಕೇಳೋದು ಒಂದೇ ಪ್ರಶ್ನೆ: ಡಾಕ್ಟರ್ ಎಲ್ಲಿ? ಅಂದರೆ, ಈ ಕೆಲಸ ಆದ ಮೇಲೆ ನಡೆದ, ಅದೂ ಆಗಿಹೋಗಿರುವ ಇನ್ನೊಂದು ಘಟನೆ ಎಲ್ಲಿದೆ ತೋರಿಸಿ. ಅದೇ ವಾಕ್ಯದಲ್ಲಿರಬೇಕು ಅಂತೇನಿಲ್ಲ, ಹಿಂದಿನ ವಾಕ್ಯದಲ್ಲಿದ್ದರೂ ಆಗುತ್ತೆ. ಎಲ್ಲೂ ಇಲ್ಲವಾದರೆ ಹ್ಯಾಡ್ ತೆಗೆದುಬಿಡಿ.

ನಿಮ್ಮ ಮೇಲ್‌ಗೆ ಇದನ್ನು ಹಚ್ಚಿ ನೋಡಿ. "ಐ ಹ್ಯಾಡ್ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ." ಡಾಕ್ಟರ್ ಎಲ್ಲಿ? ಇಲ್ಲ. ಓದಿದವರು ಮಾತು ಅರ್ಧಕ್ಕೆ ನಿಂತ ಹಾಗೆ ಕಾಯ್ತಾರೆ: ಸೋಮವಾರ ಕೊಟ್ಟಿದ್ದರು, ಸರಿ, ಆಮೇಲೆ ವಾಪಸ್ ತಗೊಂಡರಾ? ಇನ್ನೇನಾದರೂ ಆಯ್ತಾ? ಅದೇ ನೀವು "ವೆನ್ ಯು ಕಾಲ್ಡ್ ಆನ್ ಟ್ಯೂಸ್‌ಡೇ, ಐ ಹ್ಯಾಡ್ ಆಲ್ರೆಡಿ ಸಬ್ಮಿಟೆಡ್ ದ ಬಿಲ್" ಅಂತ ಬರೆದಿದ್ದರೆ ನಿಮ್ಮ ಸೀನಿಯರ್ ಪೆನ್ನೇ ಎತ್ತುತ್ತಿರಲಿಲ್ಲ. ಮಂಗಳವಾರದ ಫೋನ್ ಇಲ್ಲಿ ಡಾಕ್ಟರ್. ಅದಕ್ಕಿಂತ ಮುಂಚೆ ಬಿಲ್ ಹೋಗಿತ್ತು.

ಬೋಳು ಅನಿಸುತ್ತೆ ಅಂದಿರಲ್ಲ, ಅದಕ್ಕೂ ದಾರಿ ಇದೆ. ‘ಕೊಟ್ಟಿದ್ದೆ’ಯಲ್ಲಿರುವ ಒತ್ತನ್ನು ಇಂಗ್ಲಿಷಿನಲ್ಲಿ ಬೇರೆ ಕಡೆಯಿಂದ ತರಬೇಕು. ಕೊಟ್ಟೇ ಇಲ್ಲ ಅಂತ ಅವರು ವಾದಿಸುತ್ತಿದ್ದರೆ "ಐ ಡಿಡ್ ಸಬ್ಮಿಟ್ ದ ಬಿಲ್ ಆನ್ ಮಂಡೇ" ಅನ್ನಿ. ಆ ‘ಡಿಡ್’ ನಮ್ಮ "ಕೊಟ್ಟಿದ್ದೆನಲ್ಲ!" ಇದ್ದ ಹಾಗೆ. ಜಗಳದ ಧಾಟಿ ಬೇಡ, ನೆನಪಿಸಿದರೆ ಸಾಕು ಅಂದರೆ "ಐ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ. ಪ್ಲೀಸ್ ಚೆಕ್ ಒನ್ಸ್ ಅಗೇನ್" ಅಂತ ಎರಡು ವಾಕ್ಯ ಮಾಡಿ. ಕನ್ನಡದಲ್ಲಿ ಹೇಳದೆ ಬಿಟ್ಟದ್ದನ್ನು ಇಂಗ್ಲಿಷಿನಲ್ಲಿ ಇನ್ನೊಂದು ವಾಕ್ಯವಾಗಿ ಹೇಳಿಬಿಟ್ಟರೆ ಬೋಳುತನ ಹೋಗುತ್ತೆ.

ಹ್ಯಾಡ್ ಸರಿಯಾಗಿ ಕೂತರೆ ಎಷ್ಟು ಉಪಯೋಗ ಅಂತ ಬಸ್ ಸ್ಟ್ಯಾಂಡಿನಲ್ಲಿ ನೋಡೋಣ. ಹಾಸನದ ಬಸ್ ಹಿಡಿಯೋಕೆ ಓಡಿ ಬಂದಿದ್ದೀರಿ, ಒಂದು ಕೈಯಲ್ಲಿ ಬ್ಯಾಗ್, ಇನ್ನೊಂದು ಕೈಯಲ್ಲಿ ನೀರಿನ ಬಾಟ್ಲಿ. "ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್." ಪ್ಲಾಟ್‌ಫಾರಂ ಖಾಲಿ, ಬಸ್ಸಿನ ಸುಳಿವೂ ಇಲ್ಲ. "ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ವಾಸ್ ಲೀವಿಂಗ್." ಚಕ್ರ ಉರುಳ್ತಾ ಇದೆ, ಕಂಡಕ್ಟರ್ ಬಾಗಿಲಲ್ಲಿ ನಿಂತು ರೈಟ್ ರೈಟ್ ಅಂತಿದ್ದಾನೆ, ನಾಲ್ಕು ಹೆಜ್ಜೆ ಓಡಿದರೆ ಹತ್ತಬಹುದು. "ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಲೆಫ್ಟ್." ನೀವು ಬಂದಿರಿ, ಬಸ್ ಹೊರಟಿತು, ನಿಮಗೋಸ್ಕರವೇ ಕಾದಿತ್ತೇನೋ ಅನ್ನೋ ಹಾಗೆ. ಮೂರೂ ಸರಿಯಾದ ಇಂಗ್ಲಿಷೇ. ಯಾವುದು ನಡೆಯಿತು ಅನ್ನೋದರ ಮೇಲೆ ಯಾವುದನ್ನು ಬರೆಯಬೇಕು ಅಂತ ತೀರ್ಮಾನ. ಇಲ್ಲಿ ಕನ್ನಡವೂ ಜೊತೆಗೆ ಬರುತ್ತೆ ನೋಡಿ: ಹೊರಟುಹೋಗಿತ್ತು, ಹೊರಡ್ತಿತ್ತು, ಹೊರಟಿತು.

ಇನ್ನೊಂದು ಅನುಮಾನ ನಿಮಗೆ ಬಂದೇ ಬರುತ್ತೆ. ದಿನ, ವಾರ, ಇಸವಿ ಹೇಳಿದರೆ ಹ್ಯಾಡ್ ಬರಲೇಬಾರದಾ? ಹಾಗೇನಿಲ್ಲ. ಡಾಕ್ಟರ್ ಇದ್ದರೆ ಬರಬಹುದು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದು 1912ರಲ್ಲಿ. "ವಿಶ್ವೇಶ್ವರಯ್ಯ ಬಿಕೇಮ್ ದಿವಾನ್ ಇನ್ 1912. ವರ್ಕ್ ಆನ್ ದ ಡ್ಯಾಮ್ ಹ್ಯಾಡ್ ಬಿಗನ್ ಇನ್ 1911." ಇದು ಚೊಕ್ಕ ಇಂಗ್ಲಿಷ್. ಕಥೆ 1912ಕ್ಕೆ ಬಂದು ನಿಂತಿದೆ, ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಿ 1911ನ್ನು ತೋರಿಸಬೇಕು, ಅದಕ್ಕೆ ಹ್ಯಾಡ್. ಅದೇ ಇಸವಿಗಳ ಕ್ರಮದಲ್ಲೇ ಹೇಳ್ತಾ ಹೋದರೆ, "ವರ್ಕ್ ಬಿಗ್ಯಾನ್ ಇನ್ 1911. ಹಿ ಬಿಕೇಮ್ ದಿವಾನ್ ಇನ್ 1912", ಹ್ಯಾಡ್ ಬೇಕಾಗಿಲ್ಲ. ನಡೆದ ಕ್ರಮದಲ್ಲೇ ಹೇಳುವಾಗ ಕಾಲದ ಗೊಂದಲ ಇಲ್ಲವಲ್ಲ. ಇದೇ ರೀತಿ: "ವೆನ್ ಮೈಸೂರ್ ಸ್ಟೇಟ್ ವಾಸ್ ರೀನೇಮ್ಡ್ ಕರ್ನಾಟಕ ಇನ್ 1973, ಯೂನಿಫಿಕೇಶನ್ ಹ್ಯಾಡ್ ಹ್ಯಾಪನ್ಡ್ 17 ಇಯರ್ಸ್ ಅರ್ಲಿಯರ್." ಹೆಸರು ಬದಲಾಗಿದ್ದು 1973ರ ನವೆಂಬರ್ 1, ಏಕೀಕರಣ ಆಗಿದ್ದು 1956ರ ನವೆಂಬರ್ 1. ಮೊದಲು ಹೇಳಿದ್ದು 1973, ಅಲ್ಲಿ ನಿಂತು 1956ರ ಕಡೆ ತಿರುಗಿ ನೋಡಿದ್ದಕ್ಕೆ ಹ್ಯಾಡ್.

‘ಆಫ್ಟರ್’, ‘ಬಿಫೋರ್’ ಇದ್ದಾಗ ಹ್ಯಾಡ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. "ಆಫ್ಟರ್ ಹಿ ಪೇಯ್ಡ್ ದ ಬಿಲ್, ಹಿ ಲೆಫ್ಟ್" ಅಂದರೆ ಸಾಕು. ಯಾವುದು ಮುಂಚೆ ಅಂತ ಆ ಪದವೇ ಹೇಳುತ್ತೆ. ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ಹ್ಯಾಡ್ ಹಾಕಿ ಬರೆಯಿರಿ. ಕೀ ಆನ್ಸರ್‌ನಲ್ಲಿ ಅದೇ ಇರುವ ಸಾಧ್ಯತೆ ಜಾಸ್ತಿ.

ಈಗ ಹ್ಯಾವ್‌ಗೆ ಬರೋಣ. "ಐ ಹ್ಯಾವ್ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ" ಯಾಕೆ ತಪ್ಪು? ಹ್ಯಾವ್ ಅನ್ನೋದು ಹೆಸರಿಗೇ ಪ್ರೆಸೆಂಟ್ ಪರ್ಫೆಕ್ಟ್. ಅದು ನಿಂತಿರೋದು ಈವತ್ತಿನಲ್ಲಿ. ಕೆಲಸ ಆಗಿದೆ, ಈಗ ಪರಿಸ್ಥಿತಿ ಇದು, ಅಂತ ಹೇಳೋಕೆ ಅದು. ಸೋಮವಾರ ಅಂತ ಒಂದು ಗೂಟ ಹೊಡೆದ ತಕ್ಷಣ ನೀವು ಈವತ್ತನ್ನು ಬಿಟ್ಟು ಸೋಮವಾರಕ್ಕೆ ಹೋಗಿ ನಿಂತಿರಿ. ಎರಡು ಕಡೆ ಒಟ್ಟಿಗೆ ನಿಲ್ಲೋಕೆ ಇಂಗ್ಲಿಷ್ ಬಿಡಲ್ಲ. "ಐ ಹ್ಯಾವ್ ಸಬ್ಮಿಟೆಡ್ ದ ಬಿಲ್" ಸರಿ. "ಐ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ" ಸರಿ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ತಪ್ಪು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2015, ವೆನ್ ಐ ವಾಸ್ ಇನ್ ಕಾಲೇಜ್, ಇವೆಲ್ಲ ಗೂಟಗಳೇ. ಇವು ಕಂಡರೆ ಹ್ಯಾವ್ ಬಿಡಿ. ಕನ್ನಡದಲ್ಲಿ "ಸೋಮವಾರ ಬಿಲ್ ಕೊಟ್ಟಿದ್ದೇನೆ" ಅಂದರೆ ಯಾರೂ ತಪ್ಪು ಅನ್ನಲ್ಲ, ಅದಕ್ಕೇ ನಮಗೆ ಇದು ಮುಳ್ಳಿನ ಹಾಗೆ ಚುಚ್ಚೋದೇ ಇಲ್ಲ.

ಸುದ್ದಿ ಓದುವಾಗ ಇದನ್ನು ಗಮನಿಸಿ, ಬಲು ಬೇಗ ಕೈಗೆ ಹತ್ತುತ್ತೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಿದ್ದು ನೆನಪಿದೆಯಲ್ಲ, ಪೀಣ್ಯದ ಇಸ್ರೋ ಕೇಂದ್ರದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು. ಆ ಹೊತ್ತಿಗೆ ಸುದ್ದಿ ಹೇಳುವವರು "ಚಂದ್ರಯಾನ-3 ಹ್ಯಾಸ್ ಲ್ಯಾಂಡೆಡ್ ಆನ್ ದ ಮೂನ್" ಅಂತ ಶುರು ಮಾಡಬೇಕು. ಅದು ಬಿಸಿ ಸುದ್ದಿ, ಈಗ ಅದು ಅಲ್ಲಿದೆ ಅಂತ. ಮುಂದಿನ ವಾಕ್ಯಕ್ಕೆ ಬಂದಾಗ, ಎಷ್ಟು ಗಂಟೆಗೆ, ಎಲ್ಲಿ ಅಂತ ವಿವರ ಕೊಡುವಾಗ, "ಇಟ್ ಲ್ಯಾಂಡೆಡ್ ಎಟ್ 6:04 ಇನ್ ದ ಈವ್ನಿಂಗ್, ನಿಯರ್ ದ ಸೌತ್ ಪೋಲ್" ಅಂತ ಸಿಂಪಲ್ ಪಾಸ್ಟ್‌ಗೆ ಇಳಿಯಬೇಕು. ಮೊದಲು ಹ್ಯಾಸ್, ಆಮೇಲೆ ಸಿಂಪಲ್ ಪಾಸ್ಟ್. ಒಳ್ಳೆಯ ಇಂಗ್ಲಿಷ್ ಪತ್ರಿಕೆಯ ಯಾವ ಸುದ್ದಿ ತೆಗೆದು ನೋಡಿದರೂ ಈ ಇಳಿಜಾರು ಮತ್ತೆ ಮತ್ತೆ ಸಿಗುತ್ತೆ.

ಹ್ಯಾವ್ ಈವತ್ತಿನಲ್ಲಿ ನಿಲ್ಲುತ್ತೆ ಅನ್ನೋದರಿಂದ ಇನ್ನೊಂದು ವಿಷಯ ಹೊರಡುತ್ತೆ, ಇದನ್ನು ಪಾಠದಲ್ಲಿ ಹೇಳೋದು ಕಡಿಮೆ. ಒಮ್ಮೆ ಒಬ್ಬ ಹುಡುಗಿ ಅಜ್ಜಿಯ ಬಗ್ಗೆ ಪ್ರಬಂಧ ಬರೆದು ತಂದಿದ್ದಳು. "ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಟೋಲ್ಡ್ ಮಿ ಮೆನಿ ಸ್ಟೋರೀಸ್" ಅಂತ ಶುರು. ಓದಿ, ಅಜ್ಜಿ ಈಗ ಎಲ್ಲಿದ್ದಾರೆ ಅಂತ ಕೇಳಿದೆ. ತೀರಿಹೋಗಿ ಮೂರು ವರ್ಷ ಆಯ್ತು ಅಂದಳು. ಹ್ಯಾಸ್ ಟೋಲ್ಡ್ ಅಂದರೆ ಅಜ್ಜಿ ಇದ್ದಾರೆ, ಇನ್ನೂ ಕಥೆ ಹೇಳಬಹುದು ಅಂತ ಓದುವವರಿಗೆ ಅನಿಸುತ್ತೆ. "ಟೋಲ್ಡ್ ಮಿ" ಅಂತ ಬದಲಾಯಿಸಿಕೊಂಡಳು. ಒಂದು ‘ಹ್ಯಾಸ್’ ಹೋದ ಕೂಡಲೇ ಇಡೀ ಪ್ರಬಂಧದ ದನಿ ಬೇರೆ ಆಯ್ತು. ಕುವೆಂಪು ಅವರಿಗೆ 1967ರ ಜ್ಞಾನಪೀಠ ಬಂತು ಅನ್ನೋಕೆ "ಕುವೆಂಪು ವನ್ ದ ಜ್ಞಾನಪೀಠ್" ಅಂತಲೇ ಬರೆಯಬೇಕು. ಈಗಲೂ ಬರೀತಾ ಇರುವ ಲೇಖಕರಾದರೆ "ಹ್ಯಾಸ್ ರಿಟನ್ ಟೆನ್ ಬುಕ್ಸ್" ಅನ್ನಬಹುದು, ಹನ್ನೊಂದನೆಯದು ಬರಬಹುದಲ್ಲ.

ಹ್ಯಾವ್ ಹಾಕಬೇಕಾ ಸಿಂಪಲ್ ಪಾಸ್ಟಾ ಅಂತ ಅನುಮಾನ ಬಂದಾಗ ಕನ್ನಡದಲ್ಲೇ ಒಂದು ಪರೀಕ್ಷೆ ಇದೆ. ವಾಕ್ಯವನ್ನು ‘ಇಲ್ಲ’ ಮಾಡಿ ನೋಡಿ. "ಸೋಮವಾರ ಬಿಲ್ ಕೊಡಲಿಲ್ಲ." "ಇನ್ನೂ ಬಿಲ್ ಕೊಟ್ಟಿಲ್ಲ." ‘ಲಿಲ್ಲ’ ಬಂದರೆ ಡಿಡ್ ನಾಟ್, ಅಂದರೆ ಸಿಂಪಲ್ ಪಾಸ್ಟ್. ‘ಟ್ಟಿಲ್ಲ, ದಿಲ್ಲ, ಗಿಲ್ಲ’ ಬಂದರೆ ಹ್ಯಾವ್ ನಾಟ್. ಹೋಗಲಿಲ್ಲ ಅಂದರೆ ಡಿಡ್ ನಾಟ್ ಗೋ, ಹೋಗಿಲ್ಲ ಅಂದರೆ ಹ್ಯಾವ್ ನಾಟ್ ಗಾನ್. ಹೌದು ಅನ್ನುವಾಗ ಮಸುಕಾಗಿರೋದು ಇಲ್ಲ ಅನ್ನುವಾಗ ಎಷ್ಟು ಸ್ಪಷ್ಟ ಆಗುತ್ತೆ ನೋಡಿ! ನಿಜ, ಮಾತಿನಲ್ಲಿ "ಬಸ್ ಇನ್ನೂ ಬರಲಿಲ್ಲ" ಅಂತಲೂ ಅಂತೀವಿ. ಅಂಥ ಕಡೆ ‘ಇನ್ನೂ’ ಅನ್ನೋದನ್ನು ನಂಬಿ. ಇನ್ನೂ ಇದ್ದರೆ ಅದು ಈವತ್ತಿನ ಮಾತು, ಹ್ಯಾಸ್ ನಾಟ್ ಕಮ್ ಯೆಟ್. ಮೂರನೆಯದು ‘ಕೊಟ್ಟಿರಲಿಲ್ಲ’. ಅದು ‘ಕೊಟ್ಟಿದ್ದೆ’ಯ ಜೋಡಿ, ಹಾಗಾಗಿ ಅದಕ್ಕೂ ಅದೇ ಕಾಯಿಲೆ. "ನಿನ್ನೆ ಆಫೀಸಿಗೆ ಹೋಗಿರಲಿಲ್ಲ" ಅಂತ ನಾವು ಧಾರಾಳವಾಗಿ ಅಂತೀವಿ, ಇಂಗ್ಲಿಷಿನಲ್ಲಿ ಅದು "ಐ ಡಿಡ್ ನಾಟ್ ಗೋ ಟು ಆಫೀಸ್ ಯೆಸ್ಟರ್‌ಡೇ" ಮಾತ್ರ. ಇಲ್ಲಿ ಮತ್ತೆ ಡಾಕ್ಟರನ್ನು ಹುಡುಕಬೇಕು.

ಇದೇ ‘ಹೋಗಲಿಲ್ಲ’ ಇನ್ನೊಂದು ದೊಡ್ಡ ತಪ್ಪಿಗೂ ಮದ್ದು. "ಐ ಡಿಡಂಟ್ ವೆಂಟ್", "ಡಿಡ್ ಯು ವೆಂಟ್" ಅಂತ ಬಹಳ ಜನ ಅಂತಾರೆ. ಕನ್ನಡದಲ್ಲಿ "ಹೋದಲಿಲ್ಲ" ಅಂತೀವಾ? ಇಲ್ಲ. ಹೋಗು ಅನ್ನೋ ಧಾತು ಹೋಗಲು ಅಂತ ಇದ್ದ ಹಾಗೇ ಉಳಿದು, ಅದಕ್ಕೆ ಇಲ್ಲ ಸೇರುತ್ತೆ. ಇಂಗ್ಲಿಷೂ ಅದನ್ನೇ ಮಾಡೋದು. ಡಿಡ್ ಭೂತಕಾಲವನ್ನು ಹೊತ್ತುಕೊಂಡಿತು ಅಂದಮೇಲೆ ಗೋ ಯಾಕೆ ಮತ್ತೆ ಹೊರಬೇಕು? ಪ್ರಶ್ನೆಯಲ್ಲಿ ನಾವು ಎಡವೋದಕ್ಕೆ ಕಾರಣ, "ಹೋದೆಯಾ?" ಅಂತ ಕನ್ನಡದಲ್ಲಿ ಭೂತಕಾಲದ ರೂಪಕ್ಕೇ ‘ಆ’ ಸೇರಿಸ್ತೀವಿ. ಹಾಗಾಗಿ ಪ್ರಶ್ನೆ ಕೇಳುವಾಗಲೂ ‘ಹೋಗಲಿಲ್ಲ’ವನ್ನೇ ನೆನಪಿಸಿಕೊಳ್ಳಿ.

ಅಂದಹಾಗೆ ಹೋಗಿದ್ದಾರೆ, ಹೋಗಿದ್ದರು ಎರಡರ ಬಗ್ಗೆಯೂ ಹುಷಾರು. "ಅಪ್ಪ ಶಿವಮೊಗ್ಗಕ್ಕೆ ಹೋಗಿದ್ದಾರೆ", ಇನ್ನೂ ಬಂದಿಲ್ಲ, "ಹಿ ಹ್ಯಾಸ್ ಗಾನ್ ಟು ಶಿವಮೊಗ್ಗ". "ಅಪ್ಪ ಹೋದ ವಾರ ಶಿವಮೊಗ್ಗಕ್ಕೆ ಹೋಗಿದ್ದರು", ಈಗ ಮನೆಯಲ್ಲಿದ್ದಾರೆ, "ಹಿ ವೆಂಟ್ ಟು ಶಿವಮೊಗ್ಗ ಲಾಸ್ಟ್ ವೀಕ್". ಎದುರಿಗೆ ಕೂತವರನ್ನು "ಹಂಪಿಗೆ ಹೋಗಿದ್ದೀರಾ?" ಅಂತ ಕೇಳಬೇಕಾದರೆ "ಹ್ಯಾವ್ ಯು ಬೀನ್ ಟು ಹಂಪಿ?" ಇಲ್ಲಿ ಗಾನ್ ಹಾಕಿದರೆ ಎದುರಿಗಿರುವವರು ಹಂಪಿಯಲ್ಲಿದ್ದಾರೆ ಅಂದ ಹಾಗಾಗುತ್ತೆ.

ನೀವು ಕೇಳಿಲ್ಲ, ಆದರೂ ‘ಹೋಗ್ತಿದ್ದೆ’ ಬಗ್ಗೆ ಹೇಳದೆ ಬಿಟ್ಟರೆ ಉತ್ತರ ಅರ್ಧ ಆಗುತ್ತೆ. ಈ ಒಂದು ಪದ ಇಂಗ್ಲಿಷಿನಲ್ಲಿ ಮೂರು ಬಾಗಿಲಿನಿಂದ ಹೊರಗೆ ಬರುತ್ತೆ. "ಆಫೀಸಿಗೆ ಹೋಗ್ತಿದ್ದೆ, ದಾರಿಯಲ್ಲಿ ಮಳೆ ಶುರುವಾಯ್ತು": "ಐ ವಾಸ್ ಗೋಯಿಂಗ್ ಟು ಆಫೀಸ್ ವೆನ್ ಇಟ್ ಸ್ಟಾರ್ಟೆಡ್ ರೇನಿಂಗ್." "ಚಿಕ್ಕವನಿದ್ದಾಗ ದಿನಾ ಕೆರೆಗೆ ಈಜೋಕೆ ಹೋಗ್ತಿದ್ದೆ": "ಐ ಯೂಸ್ಡ್ ಟು ಗೋ." "ಗೊತ್ತಿದ್ದಿದ್ದರೆ ನಾನೂ ಹೋಗ್ತಿದ್ದೆ": "ಐ ವುಡ್ ಹ್ಯಾವ್ ಗಾನ್." ಮೊದಲನೆಯದು ನಡುದಾರಿಯಲ್ಲಿದ್ದ ಕೆಲಸ, ಎರಡನೆಯದು ರೂಢಿ, ಮೂರನೆಯದು ನಡೆಯದೇ ಹೋದದ್ದು. ನಮ್ಮವರು ಮೂರಕ್ಕೂ "ವಾಸ್ ಗೋಯಿಂಗ್" ಅಂತಲೇ ಬರೀತಾರೆ. ಇಂಟರ್‌ವ್ಯೂನಲ್ಲಿ "ಇನ್ ಮೈ ಕಾಲೇಜ್ ಡೇಸ್ ಐ ವಾಸ್ ಪ್ಲೇಯಿಂಗ್ ಕಬಡ್ಡಿ" ಅಂದರೆ ಅರ್ಥ ಆಗುತ್ತೆ, ಕೆಲಸವೂ ನಡೆಯುತ್ತೆ. ಆದರೆ "ಐ ಪ್ಲೇಡ್ ಕಬಡ್ಡಿ ಇನ್ ಕಾಲೇಜ್" ಅನ್ನೋದು ಇನ್ನೂ ಚಿಕ್ಕದು, ಇನ್ನೂ ಗಟ್ಟಿ. ರೂಢಿಗೂ ಸಿಂಪಲ್ ಪಾಸ್ಟ್ ಸಾಕು ಅನ್ನೋದನ್ನು ಜನ ಮರೀತಾರೆ. "ಐ ವಾಸ್ ನೋಯಿಂಗ್", "ಐ ವಾಸ್ ಹ್ಯಾವಿಂಗ್ ಎ ಸೈಕಲ್" ಬೇಡವೇ ಬೇಡ. ಗೊತ್ತಿತ್ತು ಅಂದರೆ ನ್ಯೂ, ಸೈಕಲ್ ಇತ್ತು ಅಂದರೆ ಹ್ಯಾಡ್ ಎ ಸೈಕಲ್. ಈ ಹ್ಯಾಡ್ ‘ಇತ್ತು’ ಅನ್ನೋ ಅರ್ಥದ ಸ್ವಂತ ಕ್ರಿಯಾಪದ, ಇದಕ್ಕೆ ಡಾಕ್ಟರ್ ಬೇಡ.

ಕನ್ನಡದಲ್ಲಿ ಭೂತಕಾಲ ಇದ್ದ ಮಾತ್ರಕ್ಕೆ ಇಂಗ್ಲಿಷಿನಲ್ಲೂ ಇರಬೇಕು ಅಂತಲೂ ಇಲ್ಲ. ದೂರದಲ್ಲಿ ಬಸ್ ಕಂಡಾಗಲೇ "ಬಸ್ ಬಂತು, ಬಸ್ ಬಂತು" ಅಂತ ಕೂಗ್ತೀವಿ, ಅದಿನ್ನೂ ಅರ್ಧ ಫರ್ಲಾಂಗ್ ಆಚೆ ಇರುತ್ತೆ. ಇಂಗ್ಲಿಷಿನಲ್ಲಿ ಅದು "ದ ಬಸ್ ಈಸ್ ಕಮಿಂಗ್". ಅಡುಗೆಮನೆಯಿಂದ ಅಮ್ಮ ಕರೆದರೆ ಕೂತಲ್ಲಿಂದಲೇ "ಬಂದೆ" ಅಂತೀವಿ, ಅದು "ಐ ಆಮ್ ಕಮಿಂಗ್". ಅರ್ಥ ಆಯ್ತು, ಹಸಿವಾಯ್ತು, ಸುಸ್ತಾಯ್ತು, ಇವೆಲ್ಲ ಐ ಅಂಡರ್‌ಸ್ಟ್ಯಾಂಡ್, ಐ ಆಮ್ ಹಂಗ್ರಿ, ಐ ಆಮ್ ಟೈಯರ್ಡ್. "ಊಟ ಆಯ್ತಾ?" ಅನ್ನೋಕೆ ಬ್ರಿಟಿಷರ ರೂಢಿ "ಹ್ಯಾವ್ ಯು ಈಟನ್?", ಅಮೆರಿಕದವರು "ಡಿಡ್ ಯು ಈಟ್?" ಅಂತಲೂ ಕೇಳ್ತಾರೆ. ಎರಡೂ ಸರಿ, ಅಲ್ಲಿರುವ ನಮ್ಮವರ ಹತ್ತಿರ ಮಾತಾಡುವಾಗ ಗಾಬರಿ ಬೀಳಬೇಡಿ.

ರೂಪಗಳನ್ನು ಬಾಯಿಪಾಠ ಮಾಡಲೇಬೇಕಾ ಅಂದರೆ, ಹೌದು, ಕೆಲವನ್ನು ಮಾಡಲೇಬೇಕು. ಕನ್ನಡದಲ್ಲೂ ಮಾಡು ಮಾಡಿದ ಆಗುತ್ತೆ, ಆದರೆ ಬರು ಬಂದ, ಕೊಡು ಕೊಟ್ಟ, ಬೀಳು ಬಿದ್ದ, ಸಾಯು ಸತ್ತ, ನಗು ನಕ್ಕ ಆಗುತ್ತೆ. ಇವಕ್ಕೆ ಯಾರೂ ಟೇಬಲ್ ಕೊಟ್ಟಿರಲಿಲ್ಲ, ಮನೆಯಲ್ಲಿ ದಿನಾ ಕೇಳಿ ಬಂತು. ಇಂಗ್ಲಿಷಿನಲ್ಲೂ ಹಾಗೇ, ದಿನಾ ಬಳಸುವ ಪದಗಳೇ ಜಾಸ್ತಿ ಸೊಟ್ಟ. ಗೋ ಅನ್ನೋದರ ಭೂತಕಾಲ ವೆಂಟ್ ಆಗಿದ್ದು ಹೇಗೆ ಗೊತ್ತಾ? ಅದು ವೆಂಡ್ ಅನ್ನೋ ಬೇರೆ ಕ್ರಿಯಾಪದದ್ದು, ಗೋ ಅದನ್ನು ತನ್ನದು ಮಾಡಿಕೊಂಡಿತು. ಇಂಥವನ್ನು ಓದಿ, ಕೇಳಿ ನೆನಪಿಟ್ಟುಕೊಳ್ಳೋದು ಬಿಟ್ಟರೆ ಬೇರೆ ದಾರಿ ಇಲ್ಲ. ಜೊತೆಗೆ ಉಚ್ಚಾರದ ಒಂದು ಮಾತು: ವಾಕ್ ಅನ್ನೋದು ವಾಕ್ಟ್, ಪ್ಲೇ ಅನ್ನೋದು ಪ್ಲೇಡ್. ವಾಂಟ್, ನೀಡ್ ಥರ ಕೊನೆಯಲ್ಲಿ ಟ್ ಅಥವಾ ಡ್ ಸದ್ದು ಇದ್ದರೆ ಮಾತ್ರ ವಾಂಟೆಡ್, ನೀಡೆಡ್ ಅಂತ ‘ಎಡ್’ ಕೇಳಿಸಬೇಕು. ವಾಕೆಡ್, ಆಸ್ಕೆಡ್ ಅನ್ನಬೇಡಿ.

ಇನ್ನು ಅಭ್ಯಾಸ. ಹೊಸದಾಗಿ ಸೇರಿದವರಿಗೆ ಮೊದಲ 15 ದಿನ ನಾನು ಹ್ಯಾಡ್ ಮುಟ್ಟೋಕೇ ಬಿಡಲ್ಲ. ರಾತ್ರಿ ಮಲಗುವ ಮುಂಚೆ ಆ ದಿನ ಏನೇನಾಯ್ತು ಅಂತ ಹತ್ತು ವಾಕ್ಯ, ಬರೀ ಸಿಂಪಲ್ ಪಾಸ್ಟ್‌ನಲ್ಲಿ. ಐ ಗಾಟ್ ಅಪ್ ಎಟ್ ಸಿಕ್ಸ್. ಐ ಮೇಡ್ ಕಾಫಿ. ದ ಮಿಲ್ಕ್ ಬಾಯ್ಲ್ಡ್ ಓವರ್. ಐ ಮಿಸ್ಡ್ ದ ಬಸ್. ಇದು ನೀವಂದ ಹಾಗೆ ಬೋಳಾಗಿ ಕಾಣುತ್ತೆ, ನಾಲ್ಕೈದು ದಿನ ಕೈ ತುರಿಸುತ್ತೆ, ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಇಂಗ್ಲಿಷಿನಲ್ಲಿ ಕಥೆಯ ಬೆನ್ನುಮೂಳೆ ಇದೇ ಅಂತ ಕಿವಿಗೆ ಒಗ್ಗಿಬಿಡುತ್ತೆ. 16ನೇ ದಿನ ಒಂದೇ ಒಂದು ಹ್ಯಾಡ್‌ಗೆ ಅವಕಾಶ. ಬಸ್ ತಪ್ಪಿತು ಅಂತ ಬರೆದ ಮೇಲೆ, ಯಾಕೆ ತಪ್ಪಿತು ಅಂತ ಹಿಂದಕ್ಕೆ ಹೋಗಿ ಹೇಳಿ: ಐ ಹ್ಯಾಡ್ ಲೆಫ್ಟ್ ಮೈ ಪಾಸ್ ಎಟ್ ಹೋಮ್. ಹಾಗೆ ಹಿಂದಕ್ಕೆ ಹೋದ ಮೇಲೆ ಅಲ್ಲಿಯ ಸಂಗತಿ ಇನ್ನೂ ನಾಲ್ಕು ವಾಕ್ಯ ಇದ್ದರೂ ಪ್ರತಿಯೊಂದಕ್ಕೂ ಹ್ಯಾಡ್ ಬೇಡ. ಒಂದು ಸಲ ಬಾಗಿಲು ತೆರೆದರೆ ಸಾಕು, ಒಳಗೆ ಮತ್ತೆ ಸಿಂಪಲ್ ಪಾಸ್ಟ್‌ನಲ್ಲೇ ಓಡಾಡಬಹುದು.

ನಿಮ್ಮ ಹೆಡ್ ಆಫೀಸಿನ ಮೇಲ್ ಹೀಗಿದ್ದರೆ ಚೆನ್ನ: "ಐ ಸಬ್ಮಿಟೆಡ್ ದ ಬಿಲ್ ಆನ್ ಮಂಡೇ. ವೆನ್ ಯುವರ್ ಆಫೀಸ್ ಕಾಲ್ಡ್ ಆನ್ ಟ್ಯೂಸ್‌ಡೇ, ಐ ಹ್ಯಾಡ್ ಆಲ್ರೆಡಿ ಸೆಂಟ್ ದ ವೋಚರ್ಸ್ ಆಲ್ಸೋ. ಐ ಹ್ಯಾವ್ ಅಟ್ಯಾಚ್ಡ್ ದ ಕಾಪೀಸ್. ವಿ ಹ್ಯಾವ್ ನಾಟ್ ರಿಸೀವ್ಡ್ ದ ಪೇಮೆಂಟ್ ಯೆಟ್." ಸಬ್ಮಿಟೆಡ್ ಪಕ್ಕ ಸೋಮವಾರದ ಗೂಟ ಇದೆ. ಹ್ಯಾಡ್ ಸೆಂಟ್‌ಗೆ ಮಂಗಳವಾರದ ಫೋನ್ ಇದೆ. ಕಾಪಿ ಈಗ ಈ ಮೇಲ್‌ಗೇ ಅಂಟಿಕೊಂಡಿದೆ, ದುಡ್ಡು ಇನ್ನೂ ಬಂದಿಲ್ಲ, ಅದಕ್ಕೆ ಎರಡು ಕಡೆ ಹ್ಯಾವ್. ಇದನ್ನು ಸೀನಿಯರ್‌ಗೆ ತೋರಿಸಿ, ಅವರು ಏನು ತಿದ್ದಿದರು ಅಂತ ನನಗೂ ತಿಳಿಸಿ.